ಮನೆಯೊಳಗಿನ ಹೊಗೆ: ಅಡುಗೆಮನೆ, ಬಚ್ಚಲು, ಮಲಗುವ ಕೋಣೆಯಲ್ಲಿ ಏನು ಮಾಡಬೇಕು

ರಸ್ತೆಯ ಹೊಗೆಗೆ ಬೈಯಲು ಮುಂದೆ ಹೋಗುತ್ತಿರುವ ಲಾರಿಯಾದರೂ ಸಿಗುತ್ತದೆ. ಮನೆಯೊಳಗಿನ ಹೊಗೆ ನಮ್ಮದೇ ಒಲೆಯದು, ನಮ್ಮದೇ ಊದುಬತ್ತಿಯದು, ನಮ್ಮದೇ ಗೀಸರಿನದು. ಅಡುಗೆ ಒಲೆಗಳ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು.

ಹೊಗೆಯಲ್ಲಿ ನೂರಾರು ಬಗೆಯ ವಸ್ತುಗಳಿದ್ದರೂ ಮನೆಮಂದಿ ಎರಡನ್ನು ನೆನಪಿಟ್ಟರೆ ಸಾಕು. ಒಂದು, ಪಿಎಂ 2.5 ಎನ್ನುವ ಕಣ. ತಲೆಕೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತ ಸಣ್ಣದು. ಮೂಗು, ಗಂಟಲು ದಾಟಿ ಶ್ವಾಸಕೋಶದ ತುದಿಗೇ ಹೋಗಿ ಕೂರುತ್ತದೆ. ಇದರ ಹಾನಿ ವರ್ಷಗಟ್ಟಲೆ ನಿಧಾನಕ್ಕೆ ಕೂಡಿಕೊಳ್ಳುತ್ತದೆ: ಸಿಒಪಿಡಿ (ಉಸಿರುದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್, ಮಕ್ಕಳಲ್ಲಿ ನ್ಯುಮೋನಿಯಾ, ಸೌದೆ ಒಲೆಯ ಮುಂದೆ ಕೂರುವವರಲ್ಲಿ ಕಣ್ಣಿನ ಪೊರೆ. ಇನ್ನೊಂದು, ಕಾರ್ಬನ್ ಮೊನಾಕ್ಸೈಡ್ ಅನಿಲ. ಅದು ಕಾಯುವುದಿಲ್ಲ, ಅರ್ಧ ಗಂಟೆಯೊಳಗೇ ಕೊಲ್ಲಬಲ್ಲದು.

ಎರಡಕ್ಕೂ ಕೆಲಸದ ಕ್ರಮ ಒಂದೇ. ಮೊದಲು ಹೊಗೆ ಹುಟ್ಟುವುದನ್ನೇ ಕಡಿಮೆ ಮಾಡಿ. ಆಮೇಲೆ ಹುಟ್ಟಿದ್ದು ಹೊರಗೆ ಹೋಗಲು ದಾರಿ ಮಾಡಿ, ಜೊತೆಗೇ ಅಷ್ಟೇ ಗಾಳಿ ಒಳಗೆ ಬರಲೂ ದಾರಿ ಬಿಡಿ. ಶೋಧಿಸುವ ಯಂತ್ರದ ಮಾತು ಕೊನೆಗೆ. ಬಹಳಷ್ಟು ಮನೆಗಳಲ್ಲಿ ಇದು ತಿರುವುಮುರುವಾಗಿರುತ್ತದೆ: ಹಾಲ್‌ನಲ್ಲಿ ಏರ್ ಪ್ಯೂರಿಫೈಯರ್, ಅಡುಗೆಮನೆಯಲ್ಲಿ ಜಿಡ್ಡು ಹಿಡಿದು ನಿಂತ ಫ್ಯಾನು.

ಮೊದಲು ಗಾಳಿಯ ದಾರಿ ನೋಡಿ

ಒಂದು ಊದುಬತ್ತಿ ಹಚ್ಚಿಕೊಂಡು ಅಡುಗೆಮನೆಗೆ ಹೋಗಿ. ಪರೀಕ್ಷೆಗೆ ಒಂದೇ ಸಾಕು, ಆಮೇಲೆ ಆರಿಸಿಬಿಡಿ. ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾಗಿಲು ಕಿಟಕಿಗಳನ್ನು ಅಡುಗೆಯ ಹೊತ್ತಿನಲ್ಲಿ ಹೇಗಿರುತ್ತವೋ ಹಾಗೇ ಇಡಿ. ಬತ್ತಿಯನ್ನು ಒಲೆಯ ಮೇಲೆ, ಪಾತ್ರೆಯ ಬಾಯಿಯ ಎತ್ತರದಲ್ಲಿ ಹಿಡಿಯಿರಿ. ಹೊಗೆಯ ಎಳೆ ಫ್ಯಾನಿನ ಕಡೆಗೆ ನೇರವಾಗಿ ಬಾಗಿದರೆ ಸರಿ. ನಿಮ್ಮ ಮುಖದತ್ತ ಬಂದರೆ, ಅಥವಾ ಅಲ್ಲೇ ಸುತ್ತಿಕೊಂಡು ನಿಂತರೆ, ಫ್ಯಾನು ತಿರುಗುತ್ತಿದೆ, ಕೆಲಸ ಮಾಡುತ್ತಿಲ್ಲ.

ಹೀಗಾಗಲು ಸಾಮಾನ್ಯ ಕಾರಣ ಎರಡು. ಫ್ಯಾನಿನ ಪಕ್ಕದಲ್ಲೇ ಕಿಟಕಿ ತೆರೆದಿದ್ದರೆ ಅದು ಕಿಟಕಿಯ ಗಾಳಿಯನ್ನೇ ಎಳೆದು ಹೊರಗೆ ಬಿಡುತ್ತಿರುತ್ತದೆ, ಒಲೆಯ ತಂಟೆಗೇ ಬರುವುದಿಲ್ಲ. ಆ ಕಿಟಕಿ ಮುಚ್ಚಿ, ಎದುರಿನ ಕಿಟಕಿಯನ್ನೋ ಬಾಗಿಲನ್ನೋ ತೆರೆಯಿರಿ. ಎರಡನೆಯದು ಎಲ್ಲವನ್ನೂ ಮುಚ್ಚಿ ಫ್ಯಾನ್ ಹಾಕುವುದು. ಒಳಗೆ ಬರಲು ಗಾಳಿ ಇಲ್ಲದಿದ್ದರೆ ಹೊರಗೆ ಹೋಗಲೂ ಇಲ್ಲ. ಬಾಗಿಲು ಮುಚ್ಚಿಯೇ ಅಡುಗೆ ಮಾಡುವ ಮನೆಯಲ್ಲಿ, ಮೂರು ಅಡಿ ಅಗಲದ ಬಾಗಿಲಿನ ಕೆಳಗೆ ಒಂದೂವರೆ ಅಂಗುಲ ಸಂದು ಬಿಡಿಸಿ. ಎಂಟು ಅಂಗುಲದ ಫ್ಯಾನಿನ ಬಾಯಿಗೆ ಅದು ಸರಿಹೊಂದುತ್ತದೆ.

ಗ್ಯಾಸ್ ಒಲೆಯ ಅಡುಗೆಮನೆ

ಫ್ಯಾನಿನ ಅಳತೆ ಹೀಗೆ ಹಾಕಿ. ಕೋಣೆಯ ಉದ್ದ, ಅಗಲ, ಎತ್ತರ ಗುಣಿಸಿ. 10 × 8 × 10 ಅಡಿ ಅಂದರೆ 800 ಘನ ಅಡಿ, ಸುಮಾರು 23 ಘನ ಮೀಟರ್. ಗಂಟೆಗೆ ಹದಿನೈದು ಸಲವಾದರೂ ಗಾಳಿ ಬದಲಾಗಬೇಕು: 340 ಘನ ಮೀಟರ್. ಡಬ್ಬದ ಮೇಲೆ ಬರೆದಿರುವ ಸಾಮರ್ಥ್ಯ ಮುಂದೆ ಏನೂ ಅಡ್ಡವಿಲ್ಲದಾಗಿನದು. ಜಾಲರಿ, ಮುಚ್ಚಳದ ಪಟ್ಟಿ, ಎದುರುಗಾಳಿ ಎಲ್ಲ ಸೇರಿ ಅದನ್ನು ತಿನ್ನುತ್ತವೆ. ಆದ್ದರಿಂದ ಒಂದೂವರೆ ಪಟ್ಟು ಹಿಡಿದು 500ರ ಸುಮಾರಿನದನ್ನು ಕೊಳ್ಳಿ. ಸಾಮಾನ್ಯವಾಗಿ ಅದು ಎಂಟು ಅಂಗುಲದ ಫ್ಯಾನು. ಗೋಡೆಯಲ್ಲಿ ಆದಷ್ಟು ಮೇಲೆ, ಒಲೆಗೆ ಹತ್ತಿರ, ಗಾಳಿ ಒಳಬರುವ ಬಾಗಿಲಿಗೆ ದೂರ ಇರಲಿ.

ತಿಂಗಳಿಗೊಮ್ಮೆ ಪ್ಲಗ್ ತೆಗೆದು, ರೆಕ್ಕೆಗಳನ್ನು ಬಿಸಿನೀರು ಮತ್ತು ವಾಷಿಂಗ್ ಸೋಡಾದಲ್ಲಿ ಒರೆಸಿ. ಮೋಟಾರಿಗೆ ನೀರು ತಾಗಬಾರದು. ರೆಕ್ಕೆಗೆ ಹಿಡಿದ ಜಿಡ್ಡಿಗಿಂತ ಹೊರಗಿನ ಮುಚ್ಚಳದ ಪಟ್ಟಿಗಳು ಅಂಟಿಕೊಂಡು ತೆರೆಯದೆ ಇರುವುದೇ ಹೆಚ್ಚು ತೊಂದರೆ. ಅವು ಬೆರಳು ತಾಗಿಸಿದರೆ ಸಲೀಸಾಗಿ ಏಳಬೇಕು.

ಚಿಮಣಿ ಇದ್ದರೆ ಒಲೆಯಿಂದ 65–75 ಸೆಂ.ಮೀ. ಎತ್ತರದಲ್ಲಿರಲಿ. ತಲೆಗೆ ಬಡಿಯುತ್ತದೆಂದು ಮೂರಡಿ ಮೇಲೆ ಕಟ್ಟಿಸಿದರೆ ಹೊಗೆ ಪಕ್ಕದಿಂದ ಜಾರಿಕೊಳ್ಳುತ್ತದೆ. ಪೈಪು ಆರು ಅಂಗುಲದ್ದು, ಆದಷ್ಟು ನೇರ. ಎರಡಕ್ಕಿಂತ ಹೆಚ್ಚು ತಿರುವು ಬೇಡ. ಪೈಪೇ ಇಲ್ಲದ, ಗಾಳಿಯನ್ನು ಶೋಧಿಸಿ ಮತ್ತೆ ಕೋಣೆಗೇ ಬಿಡುವ ಚಿಮಣಿ ಎಣ್ಣೆ ಜಿಡ್ಡನ್ನು ಹಿಡಿಯುತ್ತದೆ, ವಾಸನೆಯನ್ನು ಸ್ವಲ್ಪ ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುವುದಿಲ್ಲ. ಹಣ ಕೊಡುವ ಮುಂಚೆ ಇದೊಂದನ್ನು ಕೇಳಿ.

ಬಳಕೆಯಲ್ಲಿ ನಾಲ್ಕು ಅಭ್ಯಾಸ ಸಾಕು:

1. ಒಲೆ ಹಚ್ಚುವ ಮುಂಚೆ ಫ್ಯಾನು, ಒಲೆ ಆರಿಸಿದ ಮೇಲೆ ಇನ್ನೂ ಹತ್ತು ನಿಮಿಷ ಫ್ಯಾನು.
2. ಕರಿಯುವುದು, ಹುರಿಯುವುದು ಗೋಡೆ ಪಕ್ಕದ ಬರ್ನರ್ ಮೇಲೆ. ಮುಂದಿನದಕ್ಕಿಂತ ಅಲ್ಲಿಯ ಹೊಗೆಯನ್ನು ಚಿಮಣಿ ಚೆನ್ನಾಗಿ ಎಳೆಯುತ್ತದೆ.
3. ಒಗ್ಗರಣೆಗೆ ಎಣ್ಣೆ ಹೊಗೆಯಾಡುವವರೆಗೆ ಕಾಯಬೇಡಿ. ಒಂದು ಸಾಸಿವೆ ಕಾಳು ಹಾಕಿ ನೋಡಿ, ಸಿಡಿದರೆ ಉಳಿದದ್ದು ಹಾಕಿ. ಮೆಣಸಿನಕಾಯಿ ಕೊನೆಗೆ, ಉರಿ ಸಣ್ಣ ಮಾಡಿ. ಘಾಟಿಗೆ ಮನೆಯೆಲ್ಲ ಕೆಮ್ಮುವುದು ಒಗ್ಗರಣೆ ಚೆನ್ನಾಗಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ, ಎಣ್ಣೆ ಸುಟ್ಟಿದೆ ಎಂಬುದಕ್ಕೆ.
4. ಪಾತ್ರೆಯ ತಳ ನೋಡುತ್ತಿರಿ. ಗ್ಯಾಸ್ ಒಲೆಯಲ್ಲಿ ತಳ ಕಪ್ಪಾಗುತ್ತಿದ್ದರೆ, ಉರಿ ನೀಲಿ ಬಿಟ್ಟು ಹಳದಿಯಾಗಿ ಉದ್ದಕ್ಕೆ ಏಳುತ್ತಿದ್ದರೆ ಗ್ಯಾಸು ಪೂರ್ತಿ ಉರಿಯುತ್ತಿಲ್ಲ. ಬರ್ನರ್ ತೆಗೆದು ಬಿಸಿನೀರಿನಲ್ಲಿ ನೆನೆಸಿ, ರಂಧ್ರಗಳನ್ನು ಪಿನ್ನಿನಿಂದ ಬಿಡಿಸಿ, ಪೂರ್ತಿ ಒಣಗಿಸಿ ಹಾಕಿ. ಆಮೇಲೂ ಹಳದಿ ಇದ್ದರೆ ಬರ್ನರಿನ ಕೊಳವೆಗೆ ಗಾಳಿ ಸೇರುವ ಕಿಂಡಿ ಮುಚ್ಚಿಕೊಂಡಿರುತ್ತದೆ. ಒಲೆ ರಿಪೇರಿಯವರಿಂದ ಸರಿ ಮಾಡಿಸಿ.

ನೀಲಿ ಉರಿಯೂ ಪೂರ್ತಿ ನಿರಪಾಯವಲ್ಲ, ಅದರಿಂದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಮನೆಯಲ್ಲಿ ಆಸ್ತಮಾ ಇರುವ ಮಕ್ಕಳಿದ್ದರೆ ಹಾಲು, ನೀರು ಕಾಯಿಸುವಂಥ ಕೆಲಸಗಳನ್ನು ಇಂಡಕ್ಷನ್ ಒಲೆಗೆ ಬದಲಾಯಿಸುವುದು ಒಳ್ಳೆಯದು.

ಸೌದೆ ಒಲೆ ಬಿಡಲಾಗದ ಮನೆ

ಉಜ್ವಲ ಯೋಜನೆ 2016ರ ಮೇ 1ರಂದು ಶುರುವಾದ ಮೇಲೆ ಕೋಟ್ಯಂತರ ಮನೆಗಳಿಗೆ ಸಿಲಿಂಡರ್ ಬಂತು. ಆದರೂ ತೋಟ, ಕಾಡಿನಂಚಿನ ಮನೆಗಳಲ್ಲಿ ಗ್ಯಾಸು ಮತ್ತು ಸೌದೆ ಎರಡೂ ನಡೆಯುತ್ತವೆ. 14.2 ಕೆ.ಜಿ.ಯ ಸಿಲಿಂಡರ್ ಖಾಲಿಯಾದಾಗ ಮತ್ತೆ ತುಂಬಿಸುವ ಹಣದ ಲೆಕ್ಕ ಎಲ್ಲರಿಗೂ ಗೊತ್ತು. ಎರಡನ್ನೂ ಬಳಸುವುದಾದರೆ ಯಾವ ಕೆಲಸ ಯಾವುದಕ್ಕೆ ಎನ್ನುವುದನ್ನು ಜಾಣತನದಿಂದ ಹಂಚಿ. ಸೌದೆ ಅತಿ ಹೆಚ್ಚು ಹೊಗೆ ಬಿಡುವುದು ಹಚ್ಚುವಾಗ ಮತ್ತು ಉರಿ ಸತ್ತು ಕೊಳ್ಳಿ ಕಮರುವಾಗ. ಹತ್ತು ನಿಮಿಷದ ಕಾಫಿಗೆ ಒಲೆ ಹಚ್ಚಿದರೆ ಆ ಎರಡೂ ಘಟ್ಟದ ಹೊಗೆ ಕುಡಿದಂತಾಯಿತು. ಬೆಳಗಿನ ಕಾಫಿ, ಹಾಲು, ಒಗ್ಗರಣೆ, ಬಿಸಿ ಮಾಡುವುದು ಗ್ಯಾಸಿಗೆ. ಅನ್ನ, ಬೇಳೆ, ದನದ ಮಡ್ಡಿ ಒಟ್ಟಿಗೆ ಸೌದೆಗೆ. ಸ್ನಾನದ ನೀರು ಮನೆಯ ಹೊರಗೆ.

ಸೌದೆಯ ಮಾತಿಗೆ ಬಂದರೆ, ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಆ ನೀರು ಆವಿಯಾಗುವವರೆಗೂ ಒಲೆ ತಣ್ಣಗೇ ಇರುತ್ತದೆ, ತಣ್ಣನೆಯ ಒಲೆ ಹೊಗೆಯ ತೌರು. ಕಡಿದ ಸೌದೆಯನ್ನು ಮುಂಗೈ ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಸೀಳಿ, ಮಳೆ ತಾಗದ, ಗಾಳಿ ಆಡುವ ಕಡೆ ಆರು ತಿಂಗಳು ಒಟ್ಟಿಡಿ. ಎರಡು ತುಂಡು ಬಡಿದಾಗ ಠಣ್ಣೆಂದರೆ ಒಣಗಿದೆ, ದೊಪ್ಪೆಂದರೆ ಇಲ್ಲ. ಕರಟ ಚೆನ್ನಾಗಿ ಉರಿಯುತ್ತದೆ. ತೆಂಗಿನ ಮಟ್ಟೆ, ಅಡಿಕೆ ಸೋಗೆ ಹಚ್ಚಲಷ್ಟೇ ಸರಿ. ಹಾಲಿನ ಪ್ಯಾಕೆಟ್, ಹಳೆಯ ಪೈಪಿನ ತುಂಡು, ಚಪ್ಪಲಿ ಹಾಕಿ ಹಚ್ಚುವ ಅಭ್ಯಾಸ ಇವತ್ತೇ ನಿಲ್ಲಿಸಿ. ಪಿವಿಸಿ ಸುಟ್ಟಾಗ ಬರುವ ಡಯಾಕ್ಸಿನ್ ಕ್ಯಾನ್ಸರ್ ತರುವ ವಿಷ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಬಂದ ಅಸ್ತ್ರ ಒಲೆ ಇನ್ನೂ ಹಲವು ಮನೆಗಳಲ್ಲಿದೆ. ಸಾಲಾಗಿ ಮೂರು ಪಾತ್ರೆ, ಕೆಳಗೆ ಜಾಲರಿ, ಕೊನೆಯಲ್ಲಿ ಹೊಗೆಕೊಳವೆ. ಅದು ಹೊಗೆ ಬಿಡುತ್ತದೆ ಎನ್ನುವವರ ಮನೆಯಲ್ಲಿ ದೋಷ ಸಾಮಾನ್ಯವಾಗಿ ಈ ಐದರಲ್ಲಿ ಒಂದು:

— ದಪ್ಪ ಸೌದೆ ತೂರಿಸಲು ಒಲೆಯ ಬಾಯಿ ಒಡೆದು ದೊಡ್ಡದು ಮಾಡಿರುತ್ತಾರೆ. ಬಾಯಿ ದೊಡ್ಡದಾದರೆ ತಣ್ಣನೆಯ ಗಾಳಿ ವಿಪರೀತ ನುಗ್ಗಿ ಕೊಳವೆಯ ಎಳೆತ ಸಾಯುತ್ತದೆ. ಮಣ್ಣು ಮೆತ್ತಿ ಮೊದಲಿನ ಅಳತೆಗೆ ತನ್ನಿ. ಸೀಳಬೇಕಾದ್ದು ಸೌದೆಯನ್ನು, ಒಲೆಯನ್ನಲ್ಲ.

— ಪಾತ್ರೆ ಗುಣಿಗೆ ಸರಿಯಾಗಿ ಕೂರದೆ ಸುತ್ತ ಸಂದು. ಆ ಸಂದಿನಿಂದ ಹೊಗೆ ಏಳುತ್ತದೆ. ಆ ಗುಣಿಗೆ ಅದೇ ಪಾತ್ರೆ. ಪಾತ್ರೆ ಇಡದ ಗುಣಿಯನ್ನು ಮುಚ್ಚಿ.

— ಜಾಲರಿಯ ಕೆಳಗೆ ಬೂದಿ ತುಂಬಿರುತ್ತದೆ. ದಿನಾ ತೆಗೆಯಿರಿ.

— ಕೊಳವೆಯೊಳಗೆ ಮಸಿ. ತಿಂಗಳಿಗೊಮ್ಮೆ ಹಗ್ಗಕ್ಕೆ ಗೋಣಿಯ ಉಂಡೆ ಕಟ್ಟಿ ಮೇಲಿನಿಂದ ಇಳಿಬಿಟ್ಟು ಎಳೆಯಿರಿ. ಕೊಳವೆ ಹಳೆಯ ಸಿಮೆಂಟ್ ಶೀಟಿನ ಜಾತಿಯದಾದರೆ ಅದರಲ್ಲಿ ಕಲ್ನಾರು ಇರುತ್ತದೆ. ಕಬ್ಬಿಣದ ಬ್ರಷ್ ಹಾಕಿ ಕೆರೆಯಬೇಡಿ, ಕೊರೆಯಬೇಡಿ, ಕತ್ತರಿಸಬೇಡಿ.

— ಕೊಳವೆ ಮಾಡಿಗಿಂತ ಎರಡು ಮೂರು ಅಡಿ ಮೇಲೆ ಏಳದೆ ಹೆಂಚಿನ ಮಟ್ಟದಲ್ಲೇ ನಿಂತಿರುತ್ತದೆ. ಗಾಳಿ ಬೀಸಿದಾಗ ಹೊಗೆ ವಾಪಸ್ಸು ಬರುವುದು ಇದರಿಂದಲೇ.

ಇದೆಲ್ಲ ಸರಿಯಿದ್ದೂ ಮಳೆಗಾಲದ ಬೆಳಿಗ್ಗೆ ಹೊಗೆ ಒಳಗೇ ತಿರುಗಿದರೆ ಕೊಳವೆ ತಣ್ಣಗಾಗಿದೆ ಎಂದರ್ಥ. ಕೊನೆಯ ಗುಣಿಯ ಪಾತ್ರೆ ಎತ್ತಿ, ಒಂದು ಹಿಡಿ ಒಣ ಸೋಗೆಯನ್ನು ಕೊಳವೆಯ ಬುಡದಲ್ಲಿ ಉರಿಸಿ ಮುಚ್ಚಿ. ಎಳೆತ ಹುಟ್ಟಿದ ಮೇಲೆ ಒಲೆ ಹಚ್ಚಿ.

ಬಚ್ಚಲು: ಇಲ್ಲಿ ಉಡಾಫೆ ಬೇಡ

ಹಳೆಯ ಮನೆಗಳಲ್ಲಿ ಹಂಡೆ ಒಳಗೆ, ಒಲೆಯ ಬಾಯಿ ಗೋಡೆಯಾಚೆ ಹಿತ್ತಲಿಗೆ ಇರುತ್ತಿತ್ತು. ಅದೇ ಸರಿಯಾದ ವಿನ್ಯಾಸ. ಈಗಿನ ಫ್ಲಾಟುಗಳ ಬಚ್ಚಲಲ್ಲಿ ಗ್ಯಾಸ್ ಗೀಸರನ್ನು ಒಳಗೇ ತೂಗುಹಾಕಿ, ಇದ್ದೊಂದು ಕಿಂಡಿಯನ್ನೂ ಚಳಿಗೆ ಮುಚ್ಚುತ್ತಾರೆ.

ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಹತ್ತು ನಿಮಿಷಕ್ಕೆ ಸುಮಾರು 150 ಗ್ರಾಂ ಗ್ಯಾಸು ಉರಿಸುತ್ತದೆ. ಅಷ್ಟು ಪೂರ್ತಿ ಉರಿಯಲು ಸುಮಾರು 1.8 ಘನ ಮೀಟರ್ ಗಾಳಿಯ ಆಮ್ಲಜನಕವೆಲ್ಲ ಬೇಕು. 5 × 7 × 8 ಅಡಿಯ ಬಚ್ಚಲಲ್ಲಿ ಇರುವುದೇ 8 ಘನ ಮೀಟರ್. ಹೊಸ ಗಾಳಿ ಬಾರದಿದ್ದರೆ ಹತ್ತೇ ನಿಮಿಷಕ್ಕೆ ಆಮ್ಲಜನಕ ಶೇ. 21ರಿಂದ 16ರ ಹತ್ತಿರ ಇಳಿಯುತ್ತದೆ. ಅದು ಇಳಿಯುತ್ತ ಹೋದಂತೆ ಉರಿ ಕಾರ್ಬನ್ ಮೊನಾಕ್ಸೈಡ್ ಉಗುಳತೊಡಗುತ್ತದೆ. ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಮೊದಲಿನವರಿಗೆ ಏನೂ ಆಗದೆ ಎರಡನೆಯವರೋ ಮೂರನೆಯವರೋ ಬೀಳುವುದು ಈ ಕಾರಣಕ್ಕೆ.

ಈ ಅನಿಲ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಡುಗೆ ಗ್ಯಾಸಿನ ವಾಸನೆ ಇದಕ್ಕಿಲ್ಲ. ಆ ವಾಸನೆ ಸೋರಿಕೆ ಗೊತ್ತಾಗಲೆಂದು ಬೆರೆಸಿದ್ದು. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲವಿಲ್ಲದಂತಾಗುವುದು, ಇಷ್ಟೇ ಸೂಚನೆ. ಚಿಲಕ ತೆಗೆಯಬೇಕೆಂದು ಹೊಳೆಯುವ ಹೊತ್ತಿಗೆ ಕೈ ಏಳುವುದಿಲ್ಲ.

ಮಾಡಬೇಕಾದ್ದು:

1. ಗೀಸರನ್ನು ಯುಟಿಲಿಟಿಗೋ ತೆರೆದ ಬಾಲ್ಕನಿಗೋ ಸಾಗಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ತನ್ನಿ. ಇದು ಮಾಡಿದರೆ ಕೆಳಗಿನ ಬಹುಪಾಲು ಬೇಡ.
2. ಸದ್ಯಕ್ಕೆ ಸಾಗಿಸಲಾಗದಿದ್ದರೆ, ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಐದು ನಿಮಿಷ ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಿ. ಒಳಗೆ ಜನ ಇರುವಾಗ ಉರಿ ಇರಬಾರದು.
3. ಬಾಗಿಲಿನ ಕೆಳಭಾಗದಲ್ಲಿ ಮುಚ್ಚಲಾಗದ ಜಾಲರಿ, ಮೇಲೆ ಇನ್ನೊಂದು ಕಿಂಡಿ. ಗೀಸರಿನ ಹೊಗೆಕೊಳವೆ ಹೊರಗಿನ ಬಯಲಿಗೇ ಹೋಗಬೇಕು, ಡಕ್ಟಿನೊಳಗಲ್ಲ.
4. ಕೆಳಗಿನ ಜಾಲರಿ ಇಲ್ಲದೆ ಎಕ್ಸಾಸ್ಟ್ ಫ್ಯಾನ್ ಮಾತ್ರ ಹಾಕಬೇಡಿ. ಬೇರೆ ದಾರಿ ಸಿಗದೆ ಅದು ಗೀಸರಿನ ಕೊಳವೆಯಿಂದಲೇ ಹೊಗೆಯನ್ನು ಒಳಗೆ ಎಳೆಯಬಹುದು.
5. ಹೊರಗಿನಿಂದಲೂ ತೆರೆಯಬಹುದಾದ ಚಿಲಕ ಹಾಕಿಸಿ.
6. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೊಳ್ಳಿ. ಗ್ಯಾಸ್ ಸೋರಿಕೆಯ ಅಲಾರಂ ಬೇರೆ, ಇದು ಬೇರೆ. ಇಎನ್ 50291 (ಯುರೋಪಿನ ಗುಣಮಟ್ಟದ ಗುರುತು) ಎಂದು ಬರೆದಿರುವುದನ್ನು ನೋಡಿ: ಅನಿಲ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ, ಇದ್ದರೆ 10ರಿಂದ 40 ನಿಮಿಷದಲ್ಲಿ, 300 ಇದ್ದರೆ ಮೂರು ನಿಮಿಷದೊಳಗೆ ಕೂಗಬೇಕು. ಅದರ ಆಯುಸ್ಸು ಮುಗಿಯುವ ವರ್ಷವನ್ನು ಹಿಂಬದಿಯಲ್ಲಿ ಬರೆದಿರುತ್ತಾರೆ.

ಯಾರಾದರೂ ಬಿದ್ದಿದ್ದರೆ ಉಸಿರು ಬಿಗಿಹಿಡಿದು ಬಾಗಿಲು ತೆರೆದು, ಅವರನ್ನು ಬಯಲಿಗೆ ಎಳೆಯಿರಿ, ಗ್ಯಾಸ್ ಬಂದ್ ಮಾಡಿ, 108ಕ್ಕೆ ಫೋನ್ ಮಾಡಿ. ಉಸಿರಾಟವಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ. ವೈದ್ಯರಿಗೆ ಮೊದಲ ಮಾತಿನಲ್ಲೇ "ಗ್ಯಾಸ್ ಗೀಸರ್ ಇತ್ತು" ಎನ್ನಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ 98 ಎಂದು ತೋರಿಸಬಹುದು. ಅನಿಲದ ಅರ್ಧ ಭಾಗ ರಕ್ತದಿಂದ ಹೋಗಲು ಬರಿ ಗಾಳಿಯಲ್ಲಿ ನಾಲ್ಕೈದು ಗಂಟೆ, ಪೂರ್ತಿ ಆಮ್ಲಜನಕದಲ್ಲಿ ಒಂದು, ಒಂದೂವರೆ ಗಂಟೆ. ಆದ್ದರಿಂದ ಎಚ್ಚರವಾದರೂ ಮನೆಯಲ್ಲೇ ಮಲಗಿಸಿಕೊಳ್ಳಬೇಡಿ. ಗರ್ಭಿಣಿಯಾದರೆ ಇನ್ನೂ ತುರ್ತು.

ಸೊಳ್ಳೆ ಬತ್ತಿ, ಧೂಪ, ಬಾಣಂತಿ ಕೋಣೆ

ಒಂದು ಸುರುಳಿ ಸೊಳ್ಳೆ ಬತ್ತಿ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮ ಕಣ 75 ಅಥವಾ ಅದಕ್ಕೂ ಹೆಚ್ಚು ಸಿಗರೇಟಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಮುಚ್ಚಿದ ಕೋಣೆಯಲ್ಲಿ ಮಗುವಿನ ಮಂಚದ ಕೆಳಗೆ ಇಡುವ ವಸ್ತು ಅದಲ್ಲ. ಸಂಜೆ ಐದೂವರೆಗೆ ಕಿಟಕಿಗೆ ಜಾಲರಿ, ರಾತ್ರಿ ಸೊಳ್ಳೆ ಪರದೆ. ಬತ್ತಿ ಬೇಕೇ ಬೇಕಾದರೆ ಜಗಲಿಯಲ್ಲಿ.

ದೇವರ ಮುಂದೆ ಊದುಬತ್ತಿ ಹಚ್ಚಬೇಡಿ ಎಂದು ಯಾರೂ ಹೇಳಬೇಕಿಲ್ಲ. ಕಟ್ಟಿನ ಬದಲು ಒಂದು ಹಚ್ಚಿ, ಕಿಟಕಿ ತೆರೆದಿಡಿ. ಆದರೆ ಎಳೆಯ ಮಗುವಿಗೆ ಎಣ್ಣೆ ನೀರು ಹಾಕಿದ ಮೇಲೆ ಕೆಂಡಕ್ಕೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಹಿಡಿಯುವುದನ್ನು ಬಿಡಿಸಲೇಬೇಕು. ಆ ಮಗು ನಿಮಿಷಕ್ಕೆ ನಲವತ್ತರ ಸುಮಾರು ಸಲ ಉಸಿರಾಡುತ್ತಿರುತ್ತದೆ. ಅಜ್ಜಿಯೊಡನೆ ಜಗಳ ಬೇಡ. ತಲೆ ಒಣಗಿಸಲು ಮೆತ್ತನೆಯ ಹತ್ತಿ ಬಟ್ಟೆ ಕೈಗೆ ಕೊಟ್ಟು, ಧೂಪವನ್ನು ಮಗು ಇಲ್ಲದ ಕೋಣೆಗೆ ಹಾಕಿಸಿ. ಬಾಣಂತಿಯ ಕೋಣೆಯಲ್ಲಿ ಬೆಚ್ಚಗಿರಲೆಂದು ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವುದು ಗ್ಯಾಸ್ ಗೀಸರಿನಷ್ಟೇ ಅಪಾಯ. ಹೊಗೆ ಕಾಣದ ಕೆಂಡವೇ ಹೆಚ್ಚು ಕಾರ್ಬನ್ ಮೊನಾಕ್ಸೈಡ್ ಬಿಡುವುದು.

ಏರ್ ಪ್ಯೂರಿಫೈಯರ್ ಬೇಕೆ?

ಮೇಲಿನದೆಲ್ಲ ಆದ ಮೇಲೂ ಹೊರಗಿನ ಧೂಳು ಹೆಚ್ಚಿರುವ ಕಡೆ, ಆಸ್ತಮಾ ಇರುವವರ ಮಲಗುವ ಕೋಣೆಗೆ ಬೇಕಾಗಬಹುದು. 12 × 12 × 10 ಅಡಿಯ ಕೋಣೆ ಸುಮಾರು 41 ಘನ ಮೀಟರ್. ಗಂಟೆಗೆ ಐದು ಸಲ ಶೋಧಿಸಲು ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಕೊಡುವ ಶುದ್ಧ ಗಾಳಿ, ಕನಿಷ್ಠ 205 ಘನ ಮೀಟರ್ ಇರಬೇಕು. ಹೆಪಾ ಫಿಲ್ಟರ್ ಕಣ ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ಹಿಡಿಯದು. ಓಝೋನ್ ಬಿಡುವ ಯಂತ್ರ ಬೇಡ. ಪಿಎಂ 2.5 ಅಳೆಯುವ ಸಣ್ಣ ಮೀಟರ್ ಕೊಂಡರೆ ದಿನದ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 60 ಎಂದು ನೆನಪಿಡಿ. ಹಪ್ಪಳ ಕರಿಯುವಾಗ ಅದು ನೂರಾರು ತೋರಿಸಿದರೆ ಮೀಟರ್ ಕೆಟ್ಟಿಲ್ಲ.

ವೈದ್ಯರ ಬಳಿ ಯಾರು, ಯಾವಾಗ ಹೋಗಬೇಕು

ಮೈಸೂರು ಭಾಗದ ಹಳ್ಳಿ ಹೆಂಗಸರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಸರಳ ಲೆಕ್ಕ ಕೊಟ್ಟಿದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ, ಎಷ್ಟು ವರ್ಷ ಎನ್ನುವುದನ್ನು ಗುಣಿಸಿ. ಗುಣಲಬ್ಧ 60 ಮುಟ್ಟಿದ ಮೇಲೆ ದೀರ್ಘಕಾಲದ ಕೆಮ್ಮು ಕಫದ ಕಾಯಿಲೆ, ಅಂದರೆ ಕ್ರಾನಿಕ್ ಬ್ರಾಂಕೈಟಿಸ್, ಬರುವ ಸಂಭವ ಎದ್ದು ಕಾಣುವಷ್ಟು ಹೆಚ್ಚುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದವರು ಅಲ್ಲಿಗೆ ತಲುಪಿರುತ್ತಾರೆ, ಒಂದು ಬೀಡಿಯನ್ನೂ ಸೇದದೆ.

ಅಮ್ಮನಿಗೋ ಅತ್ತೆಗೋ ಈ ಲೆಕ್ಕ 60 ದಾಟಿದ್ದು, ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ, ಅಥವಾ ವರ್ಷದಲ್ಲಿ ಮೂರು ತಿಂಗಳು ಕಫ ಬೀಳುತ್ತಿದ್ದರೆ "ವಯಸ್ಸಾಯಿತು" ಎಂದು ಬಿಡಬೇಡಿ. ಸ್ಪೈರೋಮೆಟ್ರಿ ಎನ್ನುವ ಊದುವ ಪರೀಕ್ಷೆ ಕೇಳಿ ಮಾಡಿಸಿ. ಎಕ್ಸ್‌ರೇಯಲ್ಲಿ ಆರಂಭದ ಸಿಒಪಿಡಿ ಸಿಗುವುದಿಲ್ಲ. ಔಷಧ ಎಳೆದುಕೊಂಡ ಮೇಲೆ ಊದಿದಾಗ, ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಗಾಳಿಯ ಶೇ. 70ಕ್ಕಿಂತ ಕಡಿಮೆಯಾದರೆ ಸಿಒಪಿಡಿ. ವೈದ್ಯರು ಬೀಡಿ ಸಿಗರೇಟು ಉಂಟೇ ಎಂದಷ್ಟೇ ಕೇಳಿ ಮುಂದೆ ಹೋದರೆ ನೀವಾಗಿಯೇ ಹೇಳಿ: ಎಷ್ಟು ವರ್ಷ ಸೌದೆ ಒಲೆ, ಕಿಟಕಿ ಇತ್ತೋ ಇಲ್ಲವೋ, ಈಗಲೂ ಇದೆಯೋ.